ಮತ್ತೆ ಅದೇ ಬೆಟ್ಟಕ್ಕೆ

ಶುಕ್ರವಾರ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಬೆಂಗಳೂರಿನ ಮಾರತಹಳ್ಳಿ ಸೇತುವೆಯ ಬಳಿ ಒಂದು ಬಗೆಯ ಜಾತ್ರೆಯೇ ನೆರೆದಿರುತ್ತದೆ. ಬೆನ್ನ ಮೇಲೆ ತಲೆಗಿಂತ ಎತ್ತರದ ಚೀಲ, ಕಾಲಿಗೆ ದಪ್ಪ ಅಟ್ಟೆಯ ಬೂಟು, ಸೊಂಟಕ್ಕೆ ಸುತ್ತಿದ ಜರ್ಕಿನ್ನು. ಘಟ್ಟದ ಕಡೆಗೆ ಹೋಗುವ ಬಸ್ಸುಗಳು ಬಂದು ನಿಂತಂತೆಲ್ಲ ಗುಂಪು ಕರಗುತ್ತದೆ, ಮತ್ತೆ ಕೂಡುತ್ತದೆ. ಇವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರು. ಆದರೆ ಸ್ವಲ್ಪ ಗಮನಿಸಿದರೆ ಗುಂಪಿನ ಅಂಚಿನಲ್ಲಿ ಗದ್ದಲ ಮಾಡದೆ ನಿಂತಿರುವ ಮೂವತ್ತೈದು ನಲವತ್ತರ ಪ್ರಾಯದ ಗಂಡಹೆಂಡಿರೂ ಕಾಣುತ್ತಾರೆ. ಮದುವೆಯಾದ ಹೊಸತರಲ್ಲೋ, ಅದಕ್ಕೂ ಮುಂಚೆಯೋ ಹತ್ತಿ ಬಂದಿದ್ದ ಅದೇ ಬೆಟ್ಟಕ್ಕೆ, ಹತ್ತು ಹನ್ನೆರಡು ವರ್ಷ ಬಿಟ್ಟು, ಮಗುವನ್ನು ಅಜ್ಜಿಯ ವಶಕ್ಕೆ ಒಪ್ಪಿಸಿ ಮತ್ತೆ ಹೊರಟವರು ಇವರು.

ಮಾರತಹಳ್ಳಿಗೆ ತಾಗಿಕೊಂಡೇ ಇರುವ ದೊಡ್ಡನೆಕ್ಕುಂದಿಯಂಥ ಊರಿನಲ್ಲಿ ಇಂಥ ದಂಪತಿಗಳು ಒಬ್ಬಿಬ್ಬರಲ್ಲ. ದೊಡ್ಡನೆಕ್ಕುಂದಿಯಲ್ಲಿ ಬೆಟ್ಟವಿಲ್ಲ. ಕೆರೆಯಿದೆ, ಕೆರೆಯ ಸುತ್ತ ಅಪಾರ್ಟ್‌ಮೆಂಟುಗಳಿವೆ, ಕೈಗಾರಿಕಾ ಪ್ರದೇಶವಿದೆ, ಹೊರವರ್ತುಲ ರಸ್ತೆಯುದ್ದಕ್ಕೂ ಗಾಜಿನ ಕಚೇರಿಗಳಿವೆ. ರಾಗಿ ಹೊಲಗಳ ನಡುವಿನ ಹಳ್ಳಿಯಾಗಿದ್ದ ಈ ಊರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದೊಳಗೆ ಸೇರಿತು. ಸೋಜಿಗದ ಸಂಗತಿಯೆಂದರೆ ಇಲ್ಲಿಯ ಜನ ಆಗಲೇ ಒಂದು ಬೆಟ್ಟದ ಎತ್ತರದಲ್ಲಿ ವಾಸವಾಗಿದ್ದಾರೆ. ಬೆಂಗಳೂರಿನ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಚಾರಣಿಗರ ಅಚ್ಚುಮೆಚ್ಚಿನ ಕುಮಾರಪರ್ವತದ ಬುಡದಲ್ಲಿರುವ ಕುಕ್ಕೆ ಸುಬ್ರಹ್ಮಣ್ಯದ ಎತ್ತರ ಸುಮಾರು 120 ಮೀಟರ್ ಮಾತ್ರ. ಬೆಟ್ಟ ಹತ್ತಲು ಹೊರಟ ದೊಡ್ಡನೆಕ್ಕುಂದಿಯ ಗಂಡಹೆಂಡತಿ ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆ ಮಾಡುತ್ತಲೇ ಮೊದಲು ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತಾರೆ.

ಒಮ್ಮೆ ನೋಡಿದ ಬೆಟ್ಟವನ್ನು ಮತ್ತೆ ಯಾಕೆ ಹತ್ತಬೇಕು? ನೋಡದ ಬೆಟ್ಟಗಳು ನೂರಾರು ಇರುವಾಗ ಹೀಗೆ ಮರಳಿ ಹೋಗುವುದು ಕಂಪ್ಯೂಟರ್ ಕಾಲದವರು ಕಂಡುಕೊಂಡ ಹೊಸ ಖಯಾಲಿ ಎಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಕನ್ನಡ ನಾಡಿನ ಮಟ್ಟಿಗೆ, ಬೆಟ್ಟ ನೋಡಲು ಹೋಗುವುದಕ್ಕಿಂತ ಬೆಟ್ಟಕ್ಕೆ ಮರಳಿ ಹೋಗುವುದೇ ಹಳೆಯ ಪದ್ಧತಿ.

ಕೇಳಲು ಒಮ್ಮೆ, ಒಪ್ಪಿಸಲು ಇನ್ನೊಮ್ಮೆ

ನಮ್ಮ ಎತ್ತರದ ಶಿಖರಗಳ ಹೆಸರುಗಳನ್ನೇ ನೋಡಬಹುದು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಕುಮಾರಪರ್ವತ, ದೇವೀರಮ್ಮನ ಬೆಟ್ಟ. ಒಂದೊಂದಕ್ಕೂ ಒಬ್ಬ ಯಜಮಾನ ಅಥವಾ ಯಜಮಾನಿ ಇದ್ದಾರೆ. ಅಲ್ಲಿಗೆ ಹೋಗುವವರು ಗಾಳಿ ಸೇವನೆಗೆ ಹೋಗುತ್ತಿರಲಿಲ್ಲ. ಏನನ್ನಾದರೂ ಕೇಳಲು ಹೋಗುತ್ತಿದ್ದರು. ಕೇಳಿದ್ದು ದೊರೆತ ಮೇಲೆ ಮತ್ತೆ ಹೋಗಲೇಬೇಕಿತ್ತು. ಹರಕೆ ಎಂಬ ವ್ಯವಸ್ಥೆಯ ಒಳಗೆ ಎರಡನೆಯ ಪ್ರಯಾಣ ಮೊದಲೇ ಸೇರಿಕೊಂಡಿದೆ. ಮಕ್ಕಳಿಲ್ಲದ ದಂಪತಿ ಬೆಟ್ಟ ಹತ್ತಿ ಮರಕ್ಕೆ ಬಟ್ಟೆಯ ಪುಟ್ಟ ತೊಟ್ಟಿಲು ಕಟ್ಟಿ ಬರುತ್ತಾರೆ. ಮಗುವಾದ ಮೇಲೆ ಅದೇ ಮೆಟ್ಟಿಲು ಹತ್ತಿ ಅದರ ಮುಡಿ ಕೊಡುತ್ತಾರೆ. ಹರಕೆ ಹೊತ್ತು ತೀರಿಸದೆ ಉಳಿದವರ ಮನೆಯಲ್ಲಿ ಏನೇ ಕೆಟ್ಟದ್ದು ನಡೆದರೂ ಅಜ್ಜಿಯರು ಮೊದಲು ಕೇಳುವ ಪ್ರಶ್ನೆ ಆ ಬಾಕಿಯ ಕುರಿತೇ ಆಗಿರುತ್ತದೆ.

ಇದರ ಇನ್ನೊಂದು ಮುಖವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಕೂಡುಕುಟುಂಬದ ಕಾಲದಲ್ಲಿ ಗಂಡಹೆಂಡತಿ ಜೊತೆಯಾಗಿ ತಿರುಗಾಡಲು ಹೋಗುವುದೆಂದರೆ ಊರು ನಗುವ ವಿಷಯವಾಗಿತ್ತು. ಸೊಸೆಗೆ ತವರು ಬಿಟ್ಟರೆ ಬೇರೆ ಪ್ರಯಾಣವಿರಲಿಲ್ಲ. ಆದರೆ ದೇವರ ಹೆಸರಿನಲ್ಲಿ ಹೊರಟರೆ ಅತ್ತೆಯೂ ಬೇಡವೆನ್ನಲು ಬರುತ್ತಿರಲಿಲ್ಲ. ಹರಕೆ ಹೀಗೆ ಒಂದು ರಹದಾರಿ ಚೀಟಿಯೂ ಆಗಿತ್ತು. ಬುತ್ತಿ ಕಟ್ಟಿಕೊಂಡು, ಗಾಡಿಯಲ್ಲಿ ಸ್ವಲ್ಪ ದೂರ, ನಡೆದು ಬಹಳ ದೂರ ಹೋದ ಆ ಮೂರು ನಾಲ್ಕು ದಿನಗಳು ಎಷ್ಟೋ ದಂಪತಿಗಳ ಪಾಲಿಗೆ ಬದುಕಿನ ಏಕೈಕ ವಿಹಾರವಾಗಿದ್ದಿರಬೇಕು. ಎರಡನೆಯ ಸಲ ಹೋಗಲು ದೇವರೇ ಕಾರಣ ಒದಗಿಸಿಕೊಡುತ್ತಿದ್ದ.

ಬೆಟ್ಟದ ದೇವರುಗಳ ಕಥೆಗಳಲ್ಲೂ ಸಂಸಾರವೇ ತುಂಬಿಕೊಂಡಿದೆ. ಬಿಳಿಗಿರಿಯ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂದು ಸೋಲಿಗರು ಹೇಳುತ್ತಾರೆ. ಹಾಗಾಗಿ ಅವನು ಅವರಿಗೆ ಭಾವ. ಈ ಭಾವ ಕಾಡು ತಿರುಗುವ ದೇವರು. ಅವನ ಕಾಲಿಗೆಂದು ಬೂದಿತಿಟ್ಟು ಗ್ರಾಮದವರು ಎರಡು ವರ್ಷಕ್ಕೊಮ್ಮೆ ದೊಡ್ಡ ತೊಗಲಿನ ಪಾದರಕ್ಷೆಗಳನ್ನು ಹೊಲಿದು ಒಪ್ಪಿಸುವುದು ವಾಡಿಕೆ. ಬೂಟಿನ ಅಟ್ಟೆ ಕಿತ್ತುಹೋದ ಚಾರಣಿಗರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾದೀತು. ಮಲೆ ಮಹದೇಶ್ವರನನ್ನು ಹಾಡುವ ಕಂಸಾಳೆಯವರ ಮಹಾಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬ ಭಾಗವಿದೆ. ಕಾಡಿಗೆ ಹೊರಟ ನೀಲೇಗೌಡ, ತಾನಿಲ್ಲದಾಗ ಹೆಂಡತಿ ತಪ್ಪು ಹೆಜ್ಜೆ ಇಡುವುದಿಲ್ಲವೆಂದು ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡಲೊಲ್ಲಳು. ಅವಳು ಪಟ್ಟ ಹಿಂಸೆಯಲ್ಲಿ ಅವಳ ಪಕ್ಕಕ್ಕೆ ನಿಲ್ಲುವವನು ಮಾದಪ್ಪ; ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಮಕ್ಕಳ ವರವನ್ನೂ ಕೊಡುತ್ತಾನೆ. ಗಂಡನೊಬ್ಬನೇ ಬೆಟ್ಟಕ್ಕೆ ಹೋದರೆ ಮನೆಯಲ್ಲಿ ಏನಾಗುತ್ತದೆ ಎಂಬುದರ ಕಥೆ ಇದು ಎಂದರೂ ಸಲ್ಲುತ್ತದೆ. ಶಿವರಾತ್ರಿಯ ಸಮಯದಲ್ಲಿ ಕನಕಪುರದ ದಾರಿಯಾಗಿ ಸಂಗಮದಲ್ಲಿ ಕಾವೇರಿ ದಾಟಿ, ಕಾಡಿನ ನಡುವೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಲ್ಲಿ ಇಂದಿಗೂ ಜೋಡಿಯಾಗಿ ಹೋಗುವವರು ಬಹಳ ಮಂದಿ. ಅವರು ತಮ್ಮನ್ನು ಚಾರಣಿಗರೆಂದು ಕರೆದುಕೊಳ್ಳುವುದಿಲ್ಲ. ದೊಡ್ಡನೆಕ್ಕುಂದಿಯ ದಂಪತಿ ನಡೆಯುವುದಕ್ಕಿಂತ ಹೆಚ್ಚು ದೂರವನ್ನು ಅವರು ಬರಿಗಾಲಿನಲ್ಲಿ ನಡೆದಿರುತ್ತಾರೆ.

ಇನ್ನು ಗೌರಿಹಬ್ಬ. ಪರ್ವತರಾಜನ ಮಗಳು ಗಂಡನ ಮನೆಯಿಂದ ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ, ಮಾರನೆಯ ದಿನ ಮಗ ಗಣಪ ಬಂದು ಕರೆದೊಯ್ಯುತ್ತಾನೆ ಎಂದು ಮನೆಮನೆಯಲ್ಲಿ ಹೇಳುತ್ತಾರೆ. ಅವಳ ಮಟ್ಟಿಗೆ ಬೆಟ್ಟವೇ ತವರು.

ಬೆಟ್ಟ ಹತ್ತುವವರ ಇನ್ನೊಂದು ಅಭ್ಯಾಸವನ್ನೂ ಇಲ್ಲಿ ನೆನೆಯಬೇಕು. ನಾಡಿನ ಅನೇಕ ಬೆಟ್ಟಗಳ ಮೇಲೆ, ದಾರಿಯ ಬದಿಯಲ್ಲಿ, ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ಪುಟ್ಟ ಗೋಪುರ ಮಾಡಿರುತ್ತಾರೆ. ಹೀಗೆ ಕಲ್ಲಿನ ಮನೆ ಕಟ್ಟಿದರೆ ನಿಜವಾದ ಮನೆ ಕಟ್ಟುವ ಯೋಗ ಕೂಡಿಬರುತ್ತದೆಂಬ ನಂಬಿಕೆ. ಕಂಪ್ಯೂಟರ್ ಎಂಜಿನಿಯರುಗಳೂ ಈ ನಂಬಿಕೆಯಿಂದ ಹೊರತಲ್ಲ. ಅಂದು ತಮಾಷೆಗೆಂದು ಐದು ಕಲ್ಲು ಪೇರಿಸಿ ಬಂದವರು ಈಗ ಇಪ್ಪತ್ತು ವರ್ಷದ ಸಾಲದ ಮೇಲೆ ಎರಡು ಕೋಣೆಯ ಫ್ಲ್ಯಾಟ್ ಕೊಂಡಿರುತ್ತಾರೆ. ಮತ್ತೆ ಹೋದಾಗ ಆ ಕಲ್ಲುಗಳನ್ನು ಹುಡುಕುತ್ತಾರೆ. ಅಷ್ಟು ಮಳೆಗಾಲ ಕಳೆದ ಮೇಲೆ ಅವು ಸಿಗುವುದಿಲ್ಲ, ಆದರೆ ಹುಡುಕದವರಿಲ್ಲ.

ನೋಡಲೆಂದು ಹತ್ತಿದವರು

ನೋಡುವ ಸಂತೋಷಕ್ಕಾಗಿಯೇ ಬೆಟ್ಟ ಹತ್ತಿದವರ ಪೈಕಿ ಯೂರೋಪಿನವರು ಮೊದಲು ಹೆಸರಿಸುವುದು ಇಟಲಿಯ ಕವಿ ಪೆಟ್ರಾರ್ಕನನ್ನು. 1336ರಲ್ಲಿ ಅವನು ಫ್ರಾನ್ಸಿನ ವೆಂಟೂ ಪರ್ವತವನ್ನು ತನ್ನ ತಮ್ಮನೊಡನೆ ಹತ್ತಿದ. ಆ ರೂಢಿ ಕನ್ನಡ ಸೀಮೆಗೆ ಬಂದದ್ದು ಬ್ರಿಟಿಷರ ಜೊತೆಗೆ, ಅದೂ ಸೆಕೆಯ ಭಯದಿಂದ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿ, ಮುಂದೆ ಊಟಿಯನ್ನು ಕಟ್ಟಿದ. ಅವನ ಹೆಂಡತಿಯ ಸಮಾಧಿಯೂ ಮಗಳ ಸಮಾಧಿಯೂ ಅಲ್ಲಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಅಂಗಳದಲ್ಲಿವೆ. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಯನ್ನು ನಂದಿಬೆಟ್ಟದ ಬಂಗಲೆಯಲ್ಲಿ ಕಳೆಯುತ್ತಿದ್ದ. ಅವನು ಅವಿವಾಹಿತ. ಇವರು ಯಾರೂ ಕಾಲ್ನಡಿಗೆಯ ಪ್ರಿಯರಲ್ಲ. ಕುದುರೆ, ಡೋಲಿ, ಹೊರುವ ಆಳು ಎಲ್ಲವೂ ಇದ್ದವು. ಆದರೆ ಬೆಟ್ಟವೆಂದರೆ ರಜೆ ಕಳೆಯುವ ತಾಣ ಎಂಬ ಭಾವನೆ ಇವರಿಂದ ಬಂತು. ಮುಂದೆ ಮಧ್ಯಮವರ್ಗದ ಕನ್ನಡಿಗರು ಮಧುಚಂದ್ರಕ್ಕೆ ಊಟಿಗೆ ಹೋಗುವುದು ರೂಢಿಯಾಯಿತು. ಅಲ್ಲಿ ಕೆರೆಯಲ್ಲಿ ದೋಣಿ, ತೋಟದಲ್ಲಿ ಫೋಟೋ, ಸಂಜೆ ಸ್ವೆಟರು. ಬೆವರು ಸುರಿಸುವ ಪ್ರಶ್ನೆಯೇ ಇರಲಿಲ್ಲ.

ಚಾರಣ ಎಂಬ ಪದವೂ ಈ ಅರ್ಥದಲ್ಲಿ ಹೊಸದು. ಹಳಗನ್ನಡದ ಜೈನಕಾವ್ಯಗಳಲ್ಲಿ ಚಾರಣರೆಂದರೆ ಆಕಾಶಮಾರ್ಗದಲ್ಲಿ ಸಂಚರಿಸಬಲ್ಲ ಋಷಿಗಳು. ಕ್ರಿ.ಶ. 941ರ ಪಂಪನ ಆದಿಪುರಾಣದಲ್ಲಿ ಶ್ರೀಮತಿ ಮತ್ತು ವಜ್ರಜಂಘ ಎಂಬ ದಂಪತಿ ಕಾಡಿನ ದಾರಿಯಲ್ಲಿ ಇಂಥ ಚಾರಣ ಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಮುಂದೆ ಒಂದು ರಾತ್ರಿ ಶಯನಗೃಹದ ಧೂಪದ ಹೊಗೆಗೆ ಉಸಿರುಕಟ್ಟಿ ಒಬ್ಬರನ್ನೊಬ್ಬರು ಅಪ್ಪಿಕೊಂಡೇ ಸಾಯುವ ಈ ಜೋಡಿ ಭೋಗಭೂಮಿಯಲ್ಲಿ ಮತ್ತೆ ಜೋಡಿಯಾಗಿ ಹುಟ್ಟುತ್ತದೆ. ಹಾರುತ್ತಿದ್ದ ಮುನಿಗಳ ಹೆಸರು ಏದುಸಿರು ಬಿಡುತ್ತ ಹತ್ತುವವರಿಗೆ ಅಂಟಿಕೊಂಡದ್ದು ಕನ್ನಡದ ತಮಾಷೆಗಳಲ್ಲೊಂದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂತ್ ಹಾಸ್ಟೆಲ್ ಸಂಘದ ಘಟಕಗಳೂ ಪರ್ವತಾರೋಹಣ ಸಂಸ್ಥೆಗಳೂ ಬೆಂಗಳೂರು, ಮೈಸೂರಿನ ಯುವಕರನ್ನು ಘಟ್ಟಗಳಿಗೆ ಕರೆದೊಯ್ಯತೊಡಗಿದವು. ಆದರೂ ಅದು ಹವ್ಯಾಸಿಗಳ ಸಣ್ಣ ಗುಂಪು. ಇದನ್ನು ಜಾತ್ರೆಯಾಗಿ ಮಾಡಿದ್ದು ಎರಡು ಸಾಮಾನ್ಯ ಸಂಗತಿಗಳು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ವಾರಕ್ಕೆ ಒಂದೇ ರಜೆ. ಆ ಭಾನುವಾರ ಬಟ್ಟೆ ಒಗೆಯುವುದರಲ್ಲೇ ಕಳೆಯುತ್ತದೆ. 1990ರ ದಶಕದ ಕೊನೆಯಿಂದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆಗಳಲ್ಲಿ ತಲೆಯೆತ್ತಿದ ಕಂಪನಿಗಳು ಶನಿವಾರವನ್ನೂ ರಜೆ ಮಾಡಿದವು. ಎರಡನೆಯದು ರಾತ್ರಿ ಬಸ್ಸು. ಶುಕ್ರವಾರ ಕೆಲಸ ಮುಗಿಸಿ ಹತ್ತಿದರೆ ಶನಿವಾರ ನಸುಕಿಗೆ ಘಟ್ಟದ ಬುಡ, ಸೋಮವಾರ ನಸುಕಿಗೆ ಮತ್ತೆ ಮನೆ. ಎರಡು ದಿನದ ಬೆಟ್ಟ ಇದರಿಂದಲೇ ಸಾಧ್ಯವಾಯಿತು. ಸಿನಿಮಾದ ಪಾಲೂ ಇಲ್ಲದಿಲ್ಲ. 2008ರ ‘ಗಾಳಿಪಟ’ ಚಿತ್ರದ ನಂತರ ಕೊಡಗಿನ ಮಾಂದಲ್‌ಪಟ್ಟಿಗೆ ಮುಗಿಲುಪೇಟೆ ಎಂಬ ಚಿತ್ರದ ಹೆಸರೇ ಅಂಟಿಕೊಂಡಿತು.

ಕುಕ್ಕೆಯ ನಸುಕು

ಹಳೆಯ ಹರಕೆಯೂ ಹೊಸ ಚಾರಣವೂ ಒಂದೇ ಬೀದಿಯಲ್ಲಿ ಎದುರಾಗುವುದನ್ನು ನೋಡಬೇಕಾದರೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಬೇಕು. ನಾಗದೋಷ ಪರಿಹಾರಕ್ಕೆ, ಸಂತಾನಕ್ಕೆ, ತಡವಾದ ಮದುವೆಗೆ ಆಶ್ಲೇಷಬಲಿ, ಸರ್ಪಸಂಸ್ಕಾರ ಮಾಡಿಸಲು ಬರುವ ದಂಪತಿಗಳ ಊರು ಇದು. ಬೆಳಗಿನ ಐದು ಗಂಟೆಗೆ ಕುಮಾರಧಾರೆಯಲ್ಲಿ ಮುಳುಗಿ ಒದ್ದೆ ಪಂಚೆ, ಒದ್ದೆ ಸೀರೆಯಲ್ಲಿ ನಡುಗುತ್ತ ಬರುವ ಜೋಡಿಗಳು ಒಂದು ಕಡೆ. ಅದೇ ಹೊತ್ತಿಗೆ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸಿಕೊಂಡು ಬೆಟ್ಟದ ದಾರಿ ಹಿಡಿಯುವ ಜೋಡಿಗಳು ಇನ್ನೊಂದು ಕಡೆ. ಕೆಲವೊಮ್ಮೆ ಎರಡೂ ಒಂದೇ ಜೋಡಿ. ಹೋದ ಸಲ ಚೀಲ ಹೊತ್ತು ಬಂದವರು ಈ ಸಲ ಪೂಜೆಯ ಚೀಟಿ ಹಿಡಿದು ಬಂದಿರುತ್ತಾರೆ, ಅಥವಾ ಪೂಜೆ ಫಲಿಸಿದ ಮೇಲೆ ಚೀಲ ಹೊತ್ತು.

ಕುಮಾರಪರ್ವತದ ಎತ್ತರ 1,712 ಮೀಟರ್. ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್ ದಾರಿ, ಅದರಲ್ಲಿ ಸುಮಾರು 1,600 ಮೀಟರ್ ಏರು. ಸೋಮವಾರಪೇಟೆಯ ಕಡೆಯಿಂದ ಹತ್ತುವ ದಾರಿ ಇದಕ್ಕಿಂತ ಚಿಕ್ಕದು, ಆದರೆ ಬೆಟ್ಟದ ಪೂರ್ತಿ ಪರಿಚಯವಾಗುವುದು ಕುಕ್ಕೆಯ ಕಡೆಯಿಂದಲೇ. ಮೊದಲು ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ನಡುವೆ ದಣಿವಾರಿಸಿಕೊಳ್ಳಲು ಭೀಮನಕಲ್ಲು. ಕಾಡು ಮುಗಿದು ಗದ್ದೆ ಕಾಣಿಸಿದರೆ ಅದು ಗಿರಿಗದ್ದೆ. ಅಲ್ಲಿಯ ಭಟ್ಟರ ಮನೆಯ ಅನ್ನ ಸಾರು ಮಜ್ಜಿಗೆಯನ್ನು ನೆನೆಯದ ಚಾರಣಿಗರಿಲ್ಲ. ಅರಣ್ಯ ಇಲಾಖೆಯ ತಪಾಸಣೆ ದಾಟಿದ ಮೇಲೆ ಬೋಳು ಹುಲ್ಲುಗಾವಲು, ನೆರಳಿನ ಹೆಸರಿಲ್ಲ. ಕಲ್ಲುಮಂಟಪ, ಭತ್ತದ ರಾಶಿಯಂತೆ ಕಾಣುವ ಗುಡ್ಡ, ಶೇಷಪರ್ವತ. ಶೇಷಪರ್ವತವನ್ನೇ ತುದಿಯೆಂದು ತಿಳಿದು ಮೊದಲ ಸಲ ಬಂದವರು ಹಿಗ್ಗುತ್ತಾರೆ. ಆಮೇಲೆ ನೋಡಿದರೆ ಕುಮಾರಪರ್ವತ ಇನ್ನೂ ಆಚೆಗೆ, ನಡುವೆ ಇಳಿದು ಹತ್ತಬೇಕಾದ ಒಂದು ಶೋಲಾ ಕಾಡು ಬೇರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯ ಅರ್ಥ ಇಲ್ಲಿ ಮಂಡಿಗೆ ತಿಳಿಯುತ್ತದೆ.

ಎರಡನೆಯ ಸಲ ಬಂದವರಿಗೆ ಶೇಷಪರ್ವತ ಮೋಸ ಮಾಡಲಾರದು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಬೆಟ್ಟದ ನಡಿಗೆಗೊಂದು ಸೂತ್ರ ಹೇಳಿದ್ದ. ಸಮತಟ್ಟಿನಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕದಲ್ಲಿ ಕುಮಾರಪರ್ವತಕ್ಕೆ ಐದೂಕಾಲು ಗಂಟೆ ಸಾಕು. ನೈಸ್ಮಿತ್ ಘಟ್ಟದ ಬಿಸಿಲು ಕಂಡವನಲ್ಲ. ಇಲ್ಲಿ ಏಳೆಂಟು ಗಂಟೆ ಹಿಡಿಯುವುದು ಸಾಮಾನ್ಯ. ಹೆಚ್ಚು ಕುಳಿತೇ ಕೆಲಸ ಮಾಡುವವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಮೂವತ್ತರ ನಂತರ ದಶಕಕ್ಕೆ ಶೇಕಡಾ 10ರಷ್ಟು ಕುಗ್ಗುತ್ತ ಹೋಗುತ್ತದೆ. ಇಪ್ಪತ್ತಾರರಲ್ಲಿ ಹಾಡಿಕೊಂಡು ಹತ್ತಿದ ಕಾಡುದಾರಿಯಲ್ಲಿ ಮೂವತ್ತೆಂಟರಲ್ಲಿ ಮೂರು ಸಲ ಕೂರಬೇಕಾಗುತ್ತದೆ.

ಇಳಿಯುವಾಗಿನ ನೋವು ಬೇರೆ ಬಗೆಯದು. ಹತ್ತುವಾಗ ತೊಡೆಯ ಸ್ನಾಯು ಮುದುಡುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರವನ್ನು ತಡೆಯುತ್ತ ಹಿಗ್ಗಿಕೊಂಡೇ ಕೆಲಸ ಮಾಡಬೇಕು. ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು ಆಗಲೇ. ಸೋಮವಾರ ಕಚೇರಿಯ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳುವುದಕ್ಕೆ ಕಾರಣ ಇದು. ಒಮ್ಮೆ ಹೀಗೆ ನೊಂದ ಸ್ನಾಯು ಅದೇ ಕೆಲಸವನ್ನು ಮುಂದಿನ ಸಲ ಕಡಿಮೆ ನೋವಿನಿಂದ ಮಾಡುತ್ತದೆ, ಆದರೆ ಆ ನೆನಪು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಉಳಿಯುವಂಥದು. ಹನ್ನೆರಡು ವರ್ಷದ ಹಿಂದಿನ ಬೆಟ್ಟವನ್ನು ಕಾಲು ಪೂರ್ತಿ ಮರೆತಿರುತ್ತದೆ.

ಮನಸ್ಸು ಮರೆಯುವುದಿಲ್ಲ. ಹೋಗುವ ದಾರಿಗಿಂತ ಬರುವ ದಾರಿ ಚಿಕ್ಕದೆನಿಸುವುದು ಎಲ್ಲರ ಅನುಭವ. ಇದನ್ನು ಪರೀಕ್ಷಿಸಿದ ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರು 2011ರಲ್ಲಿ ಒಂದು ವಿವರಣೆ ಕೊಟ್ಟರು: ಹೋಗುವಾಗ ಜನ ದಾರಿಯನ್ನು ಕಡಿಮೆಯೆಂದು ಅಂದಾಜು ಮಾಡಿ ನಿರಾಶರಾಗುತ್ತಾರೆ, ಬರುವಾಗ ಹೆಚ್ಚೆಂದು ಅಂದಾಜು ಮಾಡಿದ್ದರಿಂದ ಬೇಗ ಮುಗಿದಂತೆ ಕಾಣುತ್ತದೆ. ವರ್ಷಗಳ ನಂತರ ಅದೇ ಬೆಟ್ಟ ಹತ್ತುವವರಲ್ಲೂ ಇಂಥದೇ ಏನೋ ನಡೆಯುವಂತಿದೆ. ಮೈ ಸೋತಿದ್ದರೂ ದಾರಿ ಬೆಳೆದಿರುವುದಿಲ್ಲ. ಇನ್ನೆಷ್ಟು ದೂರ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಅದರ ಬದಲು ಬೇರೆ ವಾದ ಶುರುವಾಗುತ್ತದೆ. ‘ಹೋದ್ಸಲ ಇಲ್ಲೇ ಅಲ್ವೇನ್ರೀ ಕೂತಿದ್ದು? ನೀವು ನೀರೆಲ್ಲ ಕುಡಿದು ಖಾಲಿ ಮಾಡಿದ್ರಿ’ ಎಂದು ಹೆಂಡತಿ ಹೇಳಿದರೆ, ‘ಇಲ್ಲಲ್ಲ ಮಾರಾಯ್ತಿ, ಅದು ಕಲ್ಲುಮಂಟಪದ ಹತ್ರ, ಕುಡಿದಿದ್ದು ನೀನೇ’ ಎಂದು ಗಂಡ. ಒಂದೇ ದಿನದ ಎರಡು ನೆನಪುಗಳು ಇಷ್ಟು ವರ್ಷ ಬೇರೆ ಬೇರೆಯಾಗಿ ಬೆಳೆದಿರುವುದು ಅದೇ ಜಾಗಕ್ಕೆ ಬಂದು ನಿಲ್ಲುವವರೆಗೆ ಇಬ್ಬರಿಗೂ ಗೊತ್ತಿರುವುದಿಲ್ಲ. ಮದುವೆಯ ಆಲ್ಬಮ್ಮಿಗಿಂತ ಬೆಟ್ಟ ಇಲ್ಲಿ ಹೆಚ್ಚು ನಂಬಿಕಸ್ಥ ಸಾಕ್ಷಿ.

ಬದಲಾದ ಸಾಕ್ಷಿಗಳು

ಆದರೆ ಬೆಟ್ಟವೂ ಇದ್ದಂತೆಯೇ ಇರುವುದಿಲ್ಲ. ಮರಳಿ ಹೋಗಲಾಗದ ಒಂದು ದಾರಿ ಕುಕ್ಕೆಯ ಸಮೀಪದಲ್ಲೇ ಇದೆ. ಹಾಸನ-ಮಂಗಳೂರು ರೈಲುಮಾರ್ಗವನ್ನು ಬ್ರಾಡ್‌ಗೇಜಿಗೆ ಬದಲಿಸಲೆಂದು 1996ರಲ್ಲಿ ಘಟ್ಟದಲ್ಲಿ ರೈಲು ನಿಲ್ಲಿಸಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ರೈಲಿಲ್ಲದ ಆ ಹತ್ತು ವರ್ಷ ಎಡಕುಮೇರಿಯ ಹಳಿಗಳ ಮೇಲೆ ಚಾರಣಿಗರು ನಡೆದರು. ಟಾರ್ಚ್ ಹಿಡಿದು ಬಾವಲಿಗಳ ನಡುವೆ ಸುರಂಗ ದಾಟಿದ, ಕೆಳಗೆ ಹೊಳೆ ಕಾಣುವ ಸೇತುವೆಯ ಮೇಲೆ ಕೈಹಿಡಿದು ನಡೆಸಿದ ನೆನಪು ಎಷ್ಟೋ ಜೋಡಿಗಳಿಗಿದೆ. 2006ರಲ್ಲಿ ಗೂಡ್ಸ್ ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲೂ ಓಡತೊಡಗಿದವು. ಹಳಿಯ ಮೇಲೆ ನಡೆಯುವುದು ಈಗ ಅಪರಾಧ, ಅಪಾಯ ಕೂಡ. ಹಳೆಯ ಚಾರಣವನ್ನು ರೈಲಿನ ಕಿಟಕಿಯಿಂದ ಮಕ್ಕಳಿಗೆ ತೋರಿಸಬಹುದು, ಅಷ್ಟೆ.

ಕುದುರೆಮುಖದ ಕಥೆ ಇದಕ್ಕೆ ತಿರುಗುಮುರುಗು. 1,894 ಮೀಟರ್ ಎತ್ತರದ ಈ ಶಿಖರದ ಮಗ್ಗುಲಲ್ಲಿ 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಕಬ್ಬಿಣದ ಅದಿರು ತೆಗೆಯುತ್ತಿತ್ತು. ಅದಿರಿನ ಕೆಸರು ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹರಿಯುತ್ತಿತ್ತು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯ ಕಾಲದಲ್ಲಿ ಹತ್ತಿದವರಿಗೆ ಕೇಳಿಸಿದ ಯಂತ್ರಗಳ ಸದ್ದು ಈಗ ಹತ್ತುವವರಿಗೆ ಕೇಳಿಸುವುದಿಲ್ಲ. ಕಂಪನಿಯ ಟೌನ್‌ಶಿಪ್ಪಿನಲ್ಲಿ ಬೀಗ ಬಿದ್ದ ಮನೆಗಳ ಸಾಲು ಕಾಣುತ್ತದೆ, ಗಣಿಯ ಮೆಟ್ಟಿಲುಗಳ ಮೇಲೆ ಹಸಿರು ಕಾಣುತ್ತದೆ. ಬೆಟ್ಟ ಮೊದಲಿಗಿಂತ ಚೆನ್ನಾಗಿದೆ ಎನ್ನುವ ಅಪರೂಪದ ಅವಕಾಶ ಅಲ್ಲಿಗೆ ಮರಳಿ ಹೋದವರಿಗಿದೆ.

ಕೆಲವು ಬಾರಿ ಮರಳುವ ದಿನವನ್ನು ಬೆಟ್ಟವೇ ನಿಗದಿ ಮಾಡುತ್ತದೆ. ಮಲೆನಾಡಿಗರು ಗುರಿಗೆಯೆನ್ನುವ ಗಿಡದ ಬಂಧುಬಳಗದಲ್ಲಿ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಕೇರಳದ ಮುನ್ನಾರಿನಲ್ಲಿ 2006ರಲ್ಲಿ ಅರಳಿದ್ದು ಮತ್ತೆ 2018ರಲ್ಲಿ ಅರಳಿತು. ಈ ಬಳಗದ ಬೇರೆ ಬೇರೆ ಗಿಡಗಳ ಲೆಕ್ಕ ಬೇರೆ ಬೇರೆ. 2022ರ ಮಳೆಗಾಲದ ಕೊನೆಯಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿ ನೀಲಿಯಾದಾಗ ರಸ್ತೆಯಲ್ಲಿ ಕಾರುಗಳ ಸಾಲು ನಿಂತಿತ್ತು. ಎರಡು ಸಾವಿರ ವರ್ಷದಷ್ಟು ಹಳೆಯ ತಮಿಳು ಸಂಗಂ ಕಾವ್ಯಸಂಪ್ರದಾಯ ನೆಲವನ್ನು ಐದು ತಿಣೆಗಳಾಗಿ ವಿಂಗಡಿಸಿ, ಬೆಟ್ಟದ ಸೀಮೆಗೆ ಕುರಿಂಜಿಯ ಹೆಸರಿಟ್ಟು, ಪ್ರೇಮಿಗಳ ಮಿಲನವನ್ನು ಆ ಸೀಮೆಗೆ ಒಪ್ಪಿಸಿತು. ಅಗಲಿಕೆಯನ್ನು ಕಡಲತೀರಕ್ಕೂ ಪಾಳುಭೂಮಿಗೂ ಹಂಚಿತು. ಹನ್ನೆರಡು ವರ್ಷದ ಅಂತರದಲ್ಲಿ ಅದೇ ಇಳಿಜಾರಿನಲ್ಲಿ ನಿಂತ ದಂಪತಿಗೆ ತಾವು ಎಷ್ಟು ಹೂವಿನಷ್ಟು ಹಳಬರು ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ.

ಎಲ್ಲರೂ ಮರಳಿ ಬಂದರೆ ಬೆಟ್ಟದ ಗತಿಯೇನು ಎಂಬುದು ಈಗಿನ ನಿಜವಾದ ಪ್ರಶ್ನೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲುರಜೆಗೆ ಸಾವಿರಾರು ಮಂದಿ ಒಮ್ಮೆಲೇ ಕುಮಾರಪರ್ವತಕ್ಕೆ ನುಗ್ಗಿದರು. ತಪಾಸಣಾ ಠಾಣೆಯ ಬಳಿ ಸಂತೆಯ ಹಾಗೆ ಜನ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. ಅಲ್ಲಿಂದ ಮುಂದೆ ದಿನಕ್ಕೆ ಇಂತಿಷ್ಟೇ ಜನ, ಮೊದಲೇ ನೋಂದಣಿ ಎಂಬ ಕ್ರಮ ಬಂತು. ಹುಲ್ಲುಗಾವಲಿನ ಮಣ್ಣು ತೆಳು. ಸಾವಿರ ಬೂಟುಗಳು ತುಳಿದ ದಾರಿ ಮೊದಲ ಮಳೆಗೆ ಚರಂಡಿಯಾಗುತ್ತದೆ, ಜನ ಅದನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದು ದಾರಿ ತುಳಿಯುತ್ತಾರೆ. ಇದನ್ನು ತಡೆಯಲು ಮಿತಿ ಬೇಕೇ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹಳಬರು ಈ ಉಪಾಯವನ್ನು ಬೇರೆ ರೀತಿಯಲ್ಲಿ ಬಲ್ಲವರಾಗಿದ್ದರು. ಚಿಕ್ಕಮಗಳೂರಿನ ಮಲ್ಲೇನಹಳ್ಳಿಯ ದೇವೀರಮ್ಮನ ಬೆಟ್ಟ ಹತ್ತುವುದು ವರ್ಷಕ್ಕೊಮ್ಮೆ, ದೀಪಾವಳಿಯ ನರಕ ಚತುರ್ದಶಿಯ ಸಮಯದಲ್ಲಿ ಮಾತ್ರ. ಉಳಿದ ದಿನ ಬೆಟ್ಟ ದೇವಿಗೂ ಹುಲ್ಲಿಗೂ ಬಿಟ್ಟದ್ದು.

ಮಳೆಗಾಲದಲ್ಲಿ ಕುಮಾರಪರ್ವತದ ದಾರಿ ಇಂಬಳಗಳದ್ದು. ಬೇಸಿಗೆ ಹತ್ತಿರ ಬಂದರೆ ಕಾಳ್ಗಿಚ್ಚಿನ ಭಯಕ್ಕೆ ಇಲಾಖೆಯೇ ಮುಚ್ಚುತ್ತದೆ. ಉಳಿಯುವುದು ಅಕ್ಟೋಬರಿನಿಂದ ಜನವರಿವರೆಗಿನ ಕೆಲವೇ ವಾರಾಂತ್ಯಗಳು. ಅದರ ನಡುವೆಯೇ ಮಾರ್ಗಶಿರ ಶುದ್ಧ ಷಷ್ಠಿಗೆ ಕುಕ್ಕೆಯ ಚಂಪಾಷಷ್ಠಿ ಜಾತ್ರೆ ಬರುತ್ತದೆ. ಆ ವಾರ ಊರಿನಲ್ಲಿ ಕೋಣೆ ಸಿಗುವುದು ಕಷ್ಟ, ಬಸ್ಸಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಹೋದ ಸಲ ಇದನ್ನು ಅನುಭವಿಸಿದವರು ಈ ಸಲ ಪಂಚಾಂಗ ನೋಡಿ, ಜಾತ್ರೆ ಕಳೆದ ಎರಡು ವಾರಕ್ಕೆ ಇಬ್ಬರ ಹೆಸರು ನೋಂದಾಯಿಸಿಕೊಂಡಿರುತ್ತಾರೆ.